ಡಬ್ಬಿ ಕೋವಿ ನನ್ನ ಹೆಸರಿಗೆ ಬಂದದ್ದು

ಮಕ್ಕಳೇ, ಹೋದ ಬೇಸಿಗೆ ರಜೆಯಲ್ಲಿ ನೀವಿಬ್ಬರೂ ನನ್ನ ಟ್ರಂಕು ಕೆದಕಿ ಒಂದು ಸಣ್ಣ ಪುಸ್ತಕ ಹಿಡಿದುಕೊಂಡು ಜಗುಲಿಗೆ ಓಡಿ ಬಂದಿರಿ. "ಅಜ್ಜೀ, ಈ ಫೋಟೊದಲ್ಲಿ ನೀನ್ಯಾಕೆ ಕಳ್ಳಿ ಹಾಗೆ ನೋಡ್ತಿದೀಯ?" ಎಂದು ಕೇಳಿದಿರಿ. ಅದು ಕೋವಿಯ ಲೈಸೆನ್ಸ್ ಪುಸ್ತಕ. ಜಗುಲಿಯಲ್ಲಿ ನೆಂಟರು ಕೂತಿದ್ದರು. ನಾಲ್ಕು ಜನರ ನಡುವೆ ನನ್ನ ಸುದ್ದಿ ನಾನೇ ಹೇಳಿಕೊಳ್ಳುವುದು ನನ್ನಿಂದ ಆಗುವ ಕೆಲಸವಲ್ಲ, ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ. ಈಗ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ನಿಮ್ಮ ಅಮ್ಮನ ಹತ್ತಿರ ತಿದ್ದಿಸಿಕೊಂಡು ಓದಿ.

ನಮ್ಮ ಮನೆಯಲ್ಲಿ ಮೊದಲಿದ್ದದ್ದು ಜೋಡು ನಳಿಗೆಯ ಕೋವಿ. ಅದನ್ನು ನಡುವಿನಲ್ಲಿ ಮುರಿದು ಎರಡು ತೋಟೆ ಹಾಕಬೇಕು. ಎರಡು ಈಡು ಹೊಡೆದ ಮೇಲೆ ಮತ್ತೆ ಮುರಿದು ಮತ್ತೆ ತುಂಬಬೇಕು. ನಿಮ್ಮ ಅಜ್ಜ ಅದನ್ನು ಮಂಗ ಓಡಿಸಲಿಕ್ಕೆ ಇಟ್ಟುಕೊಂಡಿದ್ದರು. ಮಂಗಕ್ಕೆ ಗುರಿ ಇಡುವ ಹಾಗಿಲ್ಲ, ಕಾನೂನೂ ಒಪ್ಪುವುದಿಲ್ಲ, ನಮ್ಮ ಮನಸ್ಸೂ ಒಪ್ಪುವುದಿಲ್ಲ. ಮೇಲಿನ ಬೋಳು ಗುಡ್ಡದ ಕಡೆ ಆಕಾಶಕ್ಕೆ ಹೊಡೆಯುವುದು, ಸದ್ದಿಗೆ ಅವು ಓಡುವುದು. ಆದರೆ ಮಂಗಗಳಿಗೆ ಎರಡರ ಮಗ್ಗಿ ಬಾಯಿಪಾಠವಾಗಿಬಿಟ್ಟಿತು. ಒಂದು ಈಡಿಗೆ ಮರ ಹತ್ತುತ್ತಿದ್ದವು, ಎರಡನೆಯದಕ್ಕೆ ಟೊಂಗೆ ಬದಲಿಸುತ್ತಿದ್ದವು. ನಿಮ್ಮ ಅಜ್ಜ ಕೋವಿ ಮುರಿದು ಕಿಸೆಯಲ್ಲಿ ತೋಟೆ ಹುಡುಕುವಷ್ಟರಲ್ಲಿ ಕೆಳಗಿಳಿದು ಜೋಳಕ್ಕೆ ಕೈ ಹಾಕುತ್ತಿದ್ದವು.

ಅದಕ್ಕೇ ಅವರು ಹಳೆಯದನ್ನು ಕೊಟ್ಟು, ಶಿವಮೊಗ್ಗದ ಅಂಗಡಿಯಿಂದ ಹೊಸದು ತಂದರು. ಒಂದೇ ನಳಿಗೆ. ಹೊಟ್ಟೆಯ ಕೆಳಗೆ ಒಂದು ಕಪ್ಪು ಡಬ್ಬಿ. ಅದಕ್ಕೆ ಮ್ಯಾಗಜಿನ್ ಅನ್ನುತ್ತಾರೆ. ಅದನ್ನು ಕೋವಿಯಿಂದ ಬೇರೆ ತೆಗೆದು ಐದು ತೋಟೆ ತುಂಬಿ, ಮತ್ತೆ ಕೆಳಗಿನಿಂದ ಟಕ್ ಎಂದು ಸಿಕ್ಕಿಸಿದರೆ ಆಯಿತು. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದಾಗ ಡಬ್ಬಿಯಿಂದ ಒಂದು ತೋಟೆ ಮೇಲೇರಿ ನಳಿಗೆಗೆ ಕೂರುತ್ತದೆ. ಹೊಡೆದು ಮತ್ತೆ ಎಳೆದರೆ ಸುಟ್ಟದ್ದು ಹೊರಗೆ, ಹೊಸದು ಒಳಗೆ. ಮೊದಲ ದಿನ ಮೂರನೇ ಈಡು ಕೇಳಿ ಮಂಗಗಳಿಗೆ ಆದ ಅವಮಾನ ನೋಡಬೇಕಿತ್ತು. ಊರಲ್ಲಿ ಅದಕ್ಕೆ ಡಬ್ಬಿ ಕೋವಿ ಎಂದೇ ಹೆಸರಾಯಿತು. ಬಸ್ಸಿಳಿಯುವ ನಗರ ಎಂಬ ಊರಿನ ಪೇಟೆಯಿಂದ ಸಹ ಜನ ನೋಡಲು ಬಂದರು.

ಆ ವರ್ಷದ ಆಯುಧಪೂಜೆಗೆ ನಾನು ಕತ್ತಿ, ಗುದ್ದಲಿ, ಹಾರೆ ತೊಳೆದು ಸಾಲಾಗಿ ಇಟ್ಟೆ. ಕೋವಿಯನ್ನು ಮಣೆಯ ಮೇಲೆ ಮಲಗಿಸಿ, ಡಬ್ಬಿಯನ್ನು ಬೇರೆ ತೆಗೆದು ಪಕ್ಕದಲ್ಲಿ ಬಾಯಿ ಮೇಲಾಗಿ ನಿಲ್ಲಿಸಿದೆ. ಹೊಸ ಸಾಮಾನು ಎಂದು ಅದಕ್ಕೆ ಹೆಚ್ಚೇ ಉಪಚಾರ ಮಾಡಿದೆ. ಗಂಧ ತೇಯ್ದು ಬಳಿದೆ, ಕುಂಕುಮ ಹಚ್ಚಿದೆ, ಸೇವಂತಿಗೆ ಎಸಳು ಉದುರಿಸಿದೆ, ಮೇಲೆ ಅಕ್ಷತೆ. ಎಲ್ಲವೂ ತೆರೆದ ಬಾಯಿಯೊಳಗೆ ಹೋಗುತ್ತಿದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮರುದಿನ ಹತ್ತು ಗಂಟೆಗೆ ಮಂಗಗಳು ಬಂದವು. ನಿಮ್ಮ ಅಜ್ಜ ಅವಸರದಲ್ಲಿ ಡಬ್ಬಿಯೊಳಗೆ ನೋಡದೆ ತೋಟೆ ತುಂಬಿ ಒಂದು ಈಡು ಹೊಡೆದರು. ಹಿಡಿ ಎಳೆದು ತಳ್ಳಿದರು. ಎರಡನೆಯದು ಬರಲಿಲ್ಲ. ಮತ್ತೆ ಎಳೆದರು, ತಳ್ಳಿದರು. ಬರೀ ಟಿಕ್. ದೊಡ್ಡ ಗಡವ ಮಂಗವೊಂದು ಬದುವಿನ ಮೇಲೆ ಕೂತು, ಜೋಳದ ತೆನೆ ಸುಲಿಯುತ್ತಾ, ಅವರು ಮಾಡುವುದನ್ನೇ ನೋಡುತ್ತಿತ್ತಂತೆ. ಅವರು ಮನೆಗೆ ಬಂದವರೇ ಡಬ್ಬಿಯನ್ನು ನನ್ನ ಮುಂದೆ ಕವುಚಿದರು. ಕುಂಕುಮದ ಕೆಸರು, ಅಕ್ಕಿ ಕಾಳು, ಎಸಳು.

"ಎಂತ ಮಾರಾಯ್ತಿ, ಇದಕ್ಕೆ ಊಟ ಬಡಿಸಿದ್ಯಾ?"

"ಹೊಸದಲ್ವಾ ಅಂತ…"

"ಒಂದು ಹೋಳಿಗೆನೂ ಹಾಕಿದ್ರೆ ಪೂರ್ತಿ ಆಗ್ತಿತ್ತು."

ಮೂರು ದಿನ ಊರಿಡೀ ಇದೇ ಮಾತು. ನಾನು ಬಾವಿಕಟ್ಟೆಗೆ ಹೋಗುವುದನ್ನೇ ಬಿಟ್ಟೆ. ಆದರೆ ಹಾಳು ಮಾಡಿದವಳೇ ಸರಿ ಮಾಡಬೇಕು ಎಂದು ನಿಮ್ಮ ಅಜ್ಜ ನನ್ನನ್ನು ಕೂರಿಸಿಕೊಂಡರು. ಡಬ್ಬಿಯ ತಳದ ತಗಡನ್ನು ಪಕ್ಕಕ್ಕೆ ಜಾರಿಸಬೇಕು, ಜಾರಿಸುವಾಗ ಹೆಬ್ಬೆರಳು ಒತ್ತಿ ಹಿಡಿಯಬೇಕು. ನಾನು ಹಿಡಿಯಲಿಲ್ಲ. ಒಳಗಿನ ಸ್ಪ್ರಿಂಗು ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಎರಡನೇ ಸಲ ಸರಿಯಾಗಿ ಹಿಡಿದೆ. ಹಳೇ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ ಮತ್ತೆ ಜೋಡಿಸಿದೆ. ಅಂದಿನಿಂದ ವಾರಕ್ಕೊಮ್ಮೆ ಅವರ ಎದುರು ಕೂತು ಡಬ್ಬಿ ಬಿಚ್ಚಿ ಒರೆಸಿ ಜೋಡಿಸುವುದು ನನ್ನ ಕೆಲಸವಾಯಿತು.

ಅವರು ಪ್ರತಿ ಸಲವೂ ಒಂದು ಮಾತು ಹೇಳುತ್ತಿದ್ದರು. ಹಳೇ ಕೋವಿಯನ್ನು ಮುರಿದರೆ ಹೊಟ್ಟೆ ಕಾಣುತ್ತದೆ, ತೋಟೆ ಇದೆಯೋ ಇಲ್ಲವೋ ಮಕ್ಕಳಿಗೂ ತಿಳಿಯುತ್ತದೆ. ಇದು ಹಾಗಲ್ಲ. ಮಂಗ ಎರಡು ಈಡಿಗೇ ಓಡಿಹೋದರೂ ಕೈ ರೂಢಿಯಲ್ಲಿ ಮೂರನೆಯದನ್ನು ನಳಿಗೆಗೆ ತಳ್ಳಿಬಿಟ್ಟಿರುತ್ತದೆ. ಆಮೇಲೆ ಡಬ್ಬಿ ಕಿತ್ತರೂ ಆ ಒಂದು ತೋಟೆ ನಳಿಗೆಯಲ್ಲೇ ಕೂತಿರುತ್ತದೆ. ಆಗ ಹಿಡಿ ಬೀಗ ಬಿದ್ದ ಹಾಗೆ ಗಟ್ಟಿಯಾಗಿರುತ್ತದೆ, ಎಳೆದರೆ ಬರುವುದಿಲ್ಲ. ಟ್ರಿಗರಿನ ಹತ್ತಿರದ ಸಣ್ಣ ಗುಂಡಿ ಒತ್ತಿ ಹಿಂದಕ್ಕೆಳೆದು, ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. "ಕಣ್ಣು ಒಂದ್ಸಲ ಸುಳ್ಳು ಹೇಳ್ಬಹುದು, ಬೆರಳು ಹೇಳಲ್ಲ" ಎನ್ನುತ್ತಿದ್ದರು.

ನಿಮ್ಮ ಚಿಕ್ಕಜ್ಜ, ಅಂದರೆ ನನ್ನ ಮೈದುನ, ಹಳ್ಳದ ಆಚೆ ಇರುವವರು. ಆಗಾಗ ಬಂದು ಈ ಕೋವಿ ಹಿಡಿದು ನೋಡುತ್ತಿದ್ದರು. ಅವರದು ಹಳೇ ಕೋವಿಯ ಕೈ. ಡಬ್ಬಿ ಕಿತ್ತು ಮೇಜಿನ ಮೇಲಿಟ್ಟರೆ ಅವರ ಪಾಲಿಗೆ ಕೋವಿ ಖಾಲಿ. ನಾನು ಕಂಡಿದ್ದೆ. ಅವರು ಹೋದ ಮೇಲೆ ನಿಮ್ಮ ಅಜ್ಜನಿಗೆ ಹೇಳುತ್ತಿದ್ದೆ, ಅವರಿಗೆ ನೇರ ಹೇಳಲಿಲ್ಲ.

ಮುಂದಿನ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನಿಮ್ಮ ಅಜ್ಜ ಹೋದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಲೈಸೆನ್ಸ್ ಇದ್ದವರು ಹೋದರೆ ಕೋವಿಯನ್ನು ಠಾಣೆಯಲ್ಲಿ ಇಡಬೇಕು. ನಿಮ್ಮ ಅಪ್ಪ ತೆಗೆದುಕೊಂಡು ಹೋಗಿ ಇಟ್ಟು, ರಸೀತಿ ತಂದುಕೊಟ್ಟರು.

ಆ ಮಳೆಗಾಲವೂ ಮಕ್ಕಿಗದ್ದೆಗೆ, ಅಂದರೆ ಮಳೆನೀರನ್ನೇ ನಂಬಿದ ಮೇಲಿನ ಗದ್ದೆಗೆ, ಜೋಳ ಹಾಕಿಸಿದೆ. ತೆನೆ ಹಾಲುಗಟ್ಟುವ ಹೊತ್ತಿಗೆ ಮಂಗಗಳು ಬಂದವು. ಅವು ಹೆಂಗಸರಿಗೆ ಹೆದರುವುದಿಲ್ಲ, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ನಿಮ್ಮ ಅಜ್ಜನ ಅಂಗಿ ಹಾಕಿ, ಲುಂಗಿ ಸುತ್ತಿ, ತಲೆಗೆ ಟವೆಲು ಕಟ್ಟಿ, ಎಣ್ಣೆ ಡಬ್ಬ ಬಡಿಯುತ್ತಾ ಓಡಿದೆ. ಅದೇ ಗಡವ ಮಂಗ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿತು. ಬಳೆ ಸದ್ದು ಕೇಳಿತೋ ಏನೋ, ಹಲ್ಲು ಕಿಸಿದು ಮತ್ತೆ ತಿನ್ನಲು ಕೂತಿತು. ನಾನು ಮೈದುನನಿಗೆ ಫೋನ್ ಮಾಡಿದೆ. ಅವರು ತಮ್ಮ ಕೆಲಸ ಮುಗಿಸಿ ಬೈಕಿನಲ್ಲಿ ಬರುವಷ್ಟರಲ್ಲಿ ಎರಡು ತಾಸು ಕಳೆದಿತ್ತು. ಗದ್ದೆಯ ಮೇಲಿನ ಇಡೀ ಅಂಕಣದಲ್ಲಿ ದಂಟು ಮಾತ್ರ ನಿಂತಿತ್ತು.

ಅವರು ಗದ್ದೆ ನೋಡಿ ಕಿಸೆಯಿಂದ ಒಂದು ಕಾಗದ ತೆಗೆದರು.

"ಅದಕ್ಕೇ ಹೇಳೋದು ಅತ್ಗೆ. ಇದಕ್ಕೊಂದು ಸಹಿ ಹಾಕಿ. ನಾನು ಲೈಸೆನ್ಸಿಗೆ ಅರ್ಜಿ ಹಾಕ್ತೀನಿ, ಕೋವಿ ನನ್ನ ಹೆಸ್ರಿಗೆ ಆಗ್ಲಿ. ಕರೆದಾಗ ಬಂದು ಹೊಡೀತೀನಿ."

"ಇವತ್ತೂ ಕರೆದಿದ್ದೆ" ಎಂದು ನನ್ನ ಬಾಯಿಗೆ ಬಂತು. ಹೊರಗೆ ಬರಲಿಲ್ಲ. ಅಷ್ಟರಲ್ಲಿ ಒಳಗಿದ್ದ ನಿಮ್ಮ ಅಮ್ಮ, ಆ ವಾರ ತೀರ್ಥಹಳ್ಳಿಯಿಂದ ಬಂದಿದ್ದಳು, ಹೊರಗೆ ಬಂದಳು.

"ಚಿಕ್ಕಪ್ಪಾ, ಅಮ್ಮನೇ ಯಾಕೆ ಲೈಸೆನ್ಸ್ ತಗೋಬಾರ್ದು?"

ಚಿಕ್ಕಜ್ಜ ಬಿದ್ದು ಬಿದ್ದು ನಕ್ಕರು. "ನಿಮ್ಮಮ್ಮನಾ? ಕೋಳಿ ಓಡ್ಸೋಕೂ ದನಿ ಇಲ್ಲ ಕಣೇ ಅವ್ರಿಗೆ!"

"ಅಮ್ಮಾ, ನಿಂಗೆ ಬೇಕಾ ಬೇಡ್ವಾ?"

ಇಬ್ಬರೂ ನನ್ನನ್ನೇ ನೋಡಿದರು. ನಾನು ಟವೆಲು ಬಿಚ್ಚಿ ಮಡಚುತ್ತಾ ಹೇಳಿದೆ, "ಬೇಕು."

ನಿಮ್ಮ ಅಮ್ಮ ಚೌಕಾಸಿ ಮಾಡುವುದರಲ್ಲಿ ಜಾಣೆ. ಲೈಸೆನ್ಸಿನ ಅರ್ಜಿಗೆ ಹೇಗೂ ತರಬೇತಿಯ ಸರ್ಟಿಫಿಕೇಟು ಬೇಕು. "ಇಬ್ರೂ ತರಬೇತಿಗೆ ಹೋಗಿ. ಪಾಸಾದೋರಿಗೆ ಕೋವಿ. ಇಬ್ರೂ ಆದ್ರೆ ಚಿಕ್ಕಪ್ಪನಿಗೇ, ಅಮ್ಮ ಸಹಿ ಹಾಕ್ತಾಳೆ" ಎಂದಳು. ಚಿಕ್ಕಜ್ಜ ಅಲ್ಲೇ ಒಪ್ಪಿದರು. ಅವರು ಹುಡುಗನಾಗಿದ್ದಾಗಿನಿಂದ ಕೋವಿ ಹಿಡಿದವರು. ನಾನು ಒಂದು ಈಡೂ ಹೊಡೆದವಳಲ್ಲ.

ತರಬೇತಿ ತೀರ್ಥಹಳ್ಳಿಯಲ್ಲಿ, ಏಳು ದಿನ. ನಾನು ನಿಮ್ಮ ಮನೆಯಲ್ಲೇ ಉಳಿದೆ. ನೀವು ಆಗ ತೀರಾ ಚಿಕ್ಕವರು, ನೆನಪಿರಲಿಕ್ಕಿಲ್ಲ. ಮೂವತ್ತು ಗಂಡಸರು, ಹೆಂಗಸು ನಾನೊಬ್ಬಳೇ. ಕಲಿಸುವವರು ಸೇನೆಯಿಂದ ನಿವೃತ್ತರಾಗಿ ಬಂದವರು, ಕವಲೇದುರ್ಗದ ಕಡೆಯವರು, ನೋಡಲು ಸಣ್ಣ ಆಳು, ಗಂಟಲು ಮಾತ್ರ ಗುಡ್ಡಕ್ಕೆ ಕೇಳುವಂಥದ್ದು. ನಾವು ಮೇಷ್ಟ್ರು ಎನ್ನುತ್ತಿದ್ದೆವು. ಅವರು ಹಾಜರಿ ಕರೆದಾಗ ನಾನು "ಇದೀನಿ" ಎಂದದ್ದು ನನಗೇ ಕೇಳಲಿಲ್ಲ. ಎರಡು ದಿನ ನನ್ನ ಹೆಸರಿನ ಮುಂದೆ ಗೈರು ಬಿತ್ತು. ಮೂರನೇ ದಿನ ಅವರು ಪುಸ್ತಕ ನೋಡಿ, "ಈ ಅಮ್ಮ ಬರೋದೇ ಇಲ್ವಲ್ಲ, ಹೆಸರು ತೆಗೀಲಾ?" ಎಂದರು. ನಾನು ಅವರ ಮೇಜಿನ ಎದುರಿಗೇ ಕೂತಿದ್ದೆ. ಕೈ ಎತ್ತಿದೆ.

"ನೀವಾ? ನಾನು ಯಾರೋ ಚಹಾ ಕೊಡೋಕೆ ಬಂದೋರು ಅಂತ ತಿಳ್ಕೊಂಡಿದ್ದೆ!"

ಹಿಂದಿನ ಬೆಂಚಿನಲ್ಲಿ ಚಿಕ್ಕಜ್ಜನ ನಗು ಎಲ್ಲರಿಗಿಂತ ದೊಡ್ಡದಾಗಿ ಕೇಳಿತು. ಮೇಷ್ಟ್ರು ಮಾತ್ರ ಒಳ್ಳೆಯವರು, ಗೈರು ಹೊಡೆದು ಹಾಕಿ ಹಾಜರಿ ಬರೆದರು.

ನಾಲ್ಕನೇ ದಿನ ನಾನು ಜೀವಮಾನದಲ್ಲಿ ಮೊದಲ ಈಡು ಹೊಡೆದೆ. ಹೆಗಲಿಗೆ ಎಮ್ಮೆ ಗುಮ್ಮಿದ ಹಾಗಾಯಿತು. ಹಲಗೆಗೆ ತಾಗಲಿಲ್ಲ. ಕೋವಿಯನ್ನು ಹೆಗಲಿಗೆ ಗಟ್ಟಿಯಾಗಿ ಒತ್ತಿ ಹಿಡಿದರೆ ಪೆಟ್ಟು ಕಡಿಮೆ ಎಂದು ಮೇಷ್ಟ್ರು ಹೇಳಿಕೊಟ್ಟರು. ಆರನೇ ದಿನದ ಪರೀಕ್ಷೆಯಲ್ಲಿ ಐದರಲ್ಲಿ ಮೂರು ತಾಗಿತು, ಅಷ್ಟು ಸಾಕಿತ್ತು. ಚಿಕ್ಕಜ್ಜನಿಗೆ ಐದಕ್ಕೆ ಐದು. ಇನ್ನು ಉಳಿದಿದ್ದದ್ದು ಕೊನೇ ದಿನದ ಒಂದು ಪರೀಕ್ಷೆ, ಕೋವಿಯನ್ನು ಭದ್ರವಾಗಿ ಹಿಡಿದು ಖಾಲಿ ಮಾಡಿ ತೋರಿಸುವುದು. ಅದರಲ್ಲೂ ಅವರು ಪಾಸಾದರೆ ನಾನು ಸಹಿ ಹಾಕುವುದೇ. ಆ ಸಂಜೆ ನಿಮ್ಮ ಅಮ್ಮ ತಟ್ಟೆಗೆ ಅನ್ನ ಬಡಿಸುತ್ತಾ, "ನಾನೇ ಕೆಡಿಸಿದೆ ಅಮ್ಮಾ" ಎಂದಳು. ನಾನು ಉಂಡು ತಟ್ಟೆ ತೊಳೆದಿಟ್ಟೆ.

ಕೊನೇ ದಿನ ಮೇಷ್ಟ್ರು ಮೈದಾನದ ಮೇಜಿನ ಮೇಲೆ ಮೂರು ತರದ ಕೋವಿ ಇಟ್ಟಿದ್ದರು. ಮೂರನೆಯದು ಡಬ್ಬಿ ಕೋವಿ, ನಮ್ಮದರ ಹಾಗೇ. ನಾವೆಲ್ಲ ಬದಿಯ ಬೆಂಚುಗಳಲ್ಲಿ ಕೂತಿದ್ದೆವು. "ಇದನ್ನ ಯಾರು ಖಾಲಿ ಮಾಡಿ ತೋರಿಸ್ತೀರಿ?" ಎಂದು ಕೇಳಿದ ಕೂಡಲೇ ಚಿಕ್ಕಜ್ಜ ಎದ್ದರು.

"ಕೊಡಿ ಸಾರ್, ನಮ್ಮನೇಲಿ ಇರೋದೂ ಇದೇ."

ಹೋಗಿ ಎತ್ತಿಕೊಂಡರು. ಡಬ್ಬಿ ಕಿತ್ತು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿದು ಮೇಜಿನ ಮೇಲಿಟ್ಟರು. ಮತ್ತೆ ಹಿಡಿಯನ್ನು ಒಮ್ಮೆ ಹಿಂದಕ್ಕೆ ಜಗ್ಗಿದರು. ಅದು ಬರಲಿಲ್ಲ. ಬಿಗಿ ಇರಬೇಕು ಎಂದು ಬಿಟ್ಟರು.

ಹಿಡಿ ಬರಲಿಲ್ಲ ಎಂದರೆ ಬೀಗ ಬಿದ್ದಿದೆ. ಬೀಗ ಬಿದ್ದಿದ್ದರೆ ಒಳಗೆ ನೋಡದೆ ಬಿಡುವ ಹಾಗಿಲ್ಲ.

"ಖಾಲಿ ಸಾರ್" ಎಂದು ಚಿಕ್ಕಜ್ಜ ನಗುತ್ತಾ ನಮ್ಮ ಕಡೆ ತಿರುಗಿದರು. ಅವರ ಜೊತೆಗೆ ನಳಿಗೆಯೂ ತಿರುಗಿತು, ಬೆಂಚಿನ ಆ ತುದಿಯಿಂದ ಈ ತುದಿಗೆ. ಬೆರಳು ಟ್ರಿಗರಿನ ಹತ್ತಿರವೇ ಇತ್ತು.

"ಮೂತಿ ಕೆಳಗ್ ಮಾಡಿ!"

ಯಾರು ಕೂಗಿದ್ದು ಎಂದು ನಾನೂ ಒಂದು ಕ್ಷಣ ಹುಡುಕಿದೆ. ನಾನೇ. ಮೈದಾನದ ಆಚೆ ಮೇಯುತ್ತಿದ್ದ ದನ ತಲೆ ಎತ್ತಿತು. ಚಿಕ್ಕಜ್ಜ ಬೆಚ್ಚಿ ನಳಿಗೆಯನ್ನು ನೆಲಕ್ಕೆ ಇಳಿಸಿದರು. ನಾನು ಎದ್ದು ನಿಂತಾಗಿತ್ತು, ಮತ್ತೆ ಕೂರಲಿಕ್ಕೆ ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಹಾಗಾಗಿ ನಡೆದುಕೊಂಡು ಹೋದೆ.

"ಕೊಡಿ ಇಲ್ಲಿ" ಎಂದೆ. ಕೊಟ್ಟರು.

ಕೋವಿಯನ್ನು ಮಣ್ಣಿನ ದಿಬ್ಬದ ಕಡೆ ತಿರುಗಿಸಿ, ಟ್ರಿಗರಿನ ಹತ್ತಿರದ ಸಣ್ಣ ಗುಂಡಿ ಒತ್ತಿ, ಹಿಡಿಯನ್ನು ಹಿಂದಕ್ಕೆಳೆದೆ. ಕೆಂಪು ತೋಟೆಯೊಂದು ಹಾರಿ ಬಂದು ಹುಲ್ಲಿನ ಮೇಲೆ ಬಿತ್ತು. ನಾನು ಒಳಗೆ ನೋಡಿ, ಕಿರುಬೆರಳು ಹಾಕಿ ಮುಟ್ಟಿ, ಕೋವಿಯನ್ನು ತೆರೆದೇ ಮೇಜಿನ ಮೇಲಿಟ್ಟೆ.

"ಈಗ ಖಾಲಿ" ಎಂದೆ.

ಮೇಷ್ಟ್ರು ತೋಟೆ ಹೆಕ್ಕಿ ಎಲ್ಲರಿಗೂ ತೋರಿಸಿದರು. "ಇದ್ರಲ್ಲಿ ಮದ್ದಿಲ್ಲ, ನಾನೇ ಹಾಕಿಟ್ಟದ್ದು. ಪ್ರತೀ ತಂಡಕ್ಕೂ ಹಾಕಿಡ್ತೀನಿ. ನಾನು ಹೇಳದೇನೇ ತೆಗೆದು ತೋರಿಸ್ದೋರು ಇವತ್ತಿನವರೆಗೆ ಬೆರಳೆಣಿಕೆ." ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಈ ಗಂಟಲನ್ನ ಹಾಜರಿ ಹೊತ್ತಿಗೆ ಎಲ್ಲಿಟ್ಟಿದ್ರಿ?" ಎಂದು ಕೇಳಿದರು. ಮೂವತ್ತು ಜನ ಚಪ್ಪಾಳೆ ತಟ್ಟಿದರು. ನನಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಸೆರಗು ಎಳೆದುಕೊಂಡು ಬೆಂಚಿಗೆ ಓಡಿದೆ, ಆದರೆ ನಗು ತಡೆಯಲಾಗಲಿಲ್ಲ.

ಚಿಕ್ಕಜ್ಜನಿಗೆ ಮುಂದಿನ ತಂಡಕ್ಕೆ ಬರಲು ಹೇಳಿದರು. ಐದಕ್ಕೆ ಐದು ಹೊಡೆದವರು ಎಂದು ಯಾರೋ ಅವರ ಪರ ಮಾತಾಡಿದಾಗ ಮೇಷ್ಟ್ರು, "ಗುರಿ ಆಮೇಲೆ. ಮೊದಲು ಪಕ್ಕದಲ್ಲಿ ಕೂತೋರು ಮನೆಗೆ ಹೋಗ್ಬೇಕು" ಎಂದರು.

ಊರಿಗೆ ಒಂದೇ ಬಸ್ಸಿನಲ್ಲಿ ಹೋದೆವು. ಅವರು ಮುಂದಿನ ಸೀಟು, ನಾನು ಹಿಂದಿನದು. ನಗರ ಪೇಟೆಯವರೆಗೂ ಅವರು ತಿರುಗಿ ನೋಡಲಿಲ್ಲ. ನನಗೆ ಪಾಪ ಎನಿಸಿತು. ಇಳಿದ ಮೇಲೆ ಅವರೇ ನನ್ನ ಚೀಲ ಎತ್ತಿಕೊಂಡರು. ಸ್ವಲ್ಪ ದೂರ ನಡೆದು ಕೇಳಿದರು:

"ಅತ್ಗೆ, ನೀವು ಅಷ್ಟು ಜೋರು ಕೂಗ್ತೀರಿ ಅಂತ ಅಣ್ಣಂಗೆ ಗೊತ್ತಿತ್ತಾ?"

"ಇಲ್ಲ."

"ಪುಣ್ಯವಂತ."

ಇಬ್ಬರೂ ದಾರಿಯಲ್ಲೇ ನಿಂತು ನಕ್ಕೆವು. ಆಮೇಲೆ ಅವರು ಕಿಸೆಯಿಂದ ಆ ಹಳೇ ಕಾಗದ ತೆಗೆದು ನಾಲ್ಕು ಚೂರು ಮಾಡಿ ಚರಂಡಿಗೆ ಹಾಕಿದರು. "ಆ ಗುಂಡಿ ಒತ್ತೋದು ನಂಗೂ ಒಂದ್ಸಲ ಸರಿಯಾಗಿ ತೋರ್ಸಿ" ಎಂದರು. ಈ ಮಾತು ಅವರ ಬಾಯಲ್ಲಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಅರ್ಜಿಯ ಕೆಲಸ ಬೇಗ ಮುಗಿಯಲಿಲ್ಲ. ಹೊಸನಗರಕ್ಕೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಪಹಣಿ, ವೈದ್ಯರ ಪತ್ರ, ಫೋಟೊ. ಆ ಫೋಟೊ ತೆಗೆಯುವಾಗ ಅಂಗಡಿಯವನು ನಗಬೇಡಿ ಎಂದ, ಅದಕ್ಕೇ ಕಳ್ಳಿಯ ಹಾಗೆ ಬಂದದ್ದು. ಠಾಣೆಯವರು ಮನೆಗೆ ಬಂದು ಕೋವಿ ಇಡುವ ಕಪಾಟು, ಅದರ ಬೀಗ ನೋಡಿಕೊಂಡು ಹೋದರು. ಡಬ್ಬಿ ಎಲ್ಲಿ ಇಡುತ್ತೀರಿ ಎಂದು ಕೇಳಿದರು. ಬೇರೆ ಪೆಟ್ಟಿಗೆ, ಬೇರೆ ಬೀಗ ಎಂದು ತೋರಿಸಿದೆ. ಸಾಗರದ ಕಚೇರಿಗೆ ಕರೆ ಬಂದಾಗ ಅಲ್ಲಿನ ಅಧಿಕಾರಿ, ನಿಮ್ಮ ಅಮ್ಮನ ವಯಸ್ಸಿನ ಹೆಣ್ಣುಮಗಳು, ಕಡತ ನೋಡುತ್ತಾ ಕೇಳಿದಳು: "ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಅವರ ಹೆಸರಿಗೆ ಮಾಡಿಸಬಹುದಲ್ಲ?"

ಮೊದಲಾಗಿದ್ದರೆ ತಲೆ ತಗ್ಗಿಸುತ್ತಿದ್ದೆ.

"ಗದ್ದೆ ಕಾಯೋಳು ನಾನು ಮೇಡಂ. ಕೋವಿಯೂ ನನ್ನ ಹತ್ರನೇ ಇರ್ಬೇಕು" ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿ, ಹೇಳಿದ್ದನ್ನು ಹಾಗೇ ಬರೆದುಕೊಂಡಳು.

ಲೈಸೆನ್ಸ್ ಬಂದದ್ದು ಮರುವರ್ಷ, ಜೋಳ ಮೊಣಕಾಲುದ್ದ ಇದ್ದಾಗ. ಠಾಣೆಯಲ್ಲಿ ರಸೀತಿ ಕೊಟ್ಟೆ. ಒಳಗಿನಿಂದ ಕೋವಿ ತಂದುಕೊಟ್ಟವರು, "ಖಾಲಿ ಇದೆ ಅಮ್ಮ, ತಗೊಳ್ಳಿ" ಎಂದರು. ನಾನು ಅಲ್ಲೇ ಅಂಗಳದಲ್ಲಿ ನೆಲಕ್ಕೆ ಮೂತಿ ಮಾಡಿ, ಎಳೆದು ನೋಡಿ, ಬೆರಳು ಹಾಕಿದೆ. ಖಾಲಿಯೇ ಇತ್ತು. ಅವರು ಹೇಳಿದ್ದು ನಿಜ, ಆದರೂ ನೋಡುವುದೇ ಸರಿ. ಇದೊಂದನ್ನು ನೀವಿಬ್ಬರೂ ಮುಂದೆ ಯಾವತ್ತೂ ಮರೆಯಬೇಡಿ.

ತೆನೆ ಕಟ್ಟಿತು. ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿದ್ದಾಗಲೇ ಮೇಲಿನ ಮರಗಳು ಅಲುಗಾಡಿದವು. ನಾನು ಅಂಗಿ ಹಾಕಲಿಲ್ಲ, ಟವೆಲು ಕಟ್ಟಲಿಲ್ಲ. ಉಟ್ಟ ಸೀರೆಯಲ್ಲೇ, ಡಬ್ಬಿಗೆ ಐದು ತೋಟೆ ತುಂಬಿ, ಟಕ್ ಎಂದು ಸಿಕ್ಕಿಸಿ ಬದುವಿಗೆ ನಡೆದೆ. ಇಡೀ ಹಿಂಡು ಇಳಿದಿತ್ತು. ಗಡವ ನನ್ನನ್ನು ನೋಡಿ ಮತ್ತೆ ತೆನೆಗೆ ಕೈ ಹಾಕಿತು. ಕೋವಿಯನ್ನು ಹೆಗಲಿಗೆ ಒತ್ತಿ ಹಿಡಿದು, ಬೋಳು ಗುಡ್ಡದ ಮೇಲಿನ ಆಕಾಶಕ್ಕೆ ಹೊಡೆದೆ. ಮರಿಗಳೆಲ್ಲ ಮರಕ್ಕೆ. ಎಳೆದೆ, ತಳ್ಳಿದೆ, ಇನ್ನೊಂದು. ಗಡವ ತೆನೆ ಬಿಡದೆ ಹಿಂದೆ ಸರಿಯಿತು. ಎಳೆದೆ, ತಳ್ಳಿದೆ, ಮೂರನೆಯದು. ತೆನೆ ಬಿತ್ತು. ಹಿಂಡಿಗೆ ಹಿಂಡೇ ಬದು ದಾಟಿ, ಟೊಂಗೆಯಿಂದ ಟೊಂಗೆಗೆ, ಗುಡ್ಡದ ಆಚೆಗೆ ಹೋಯಿತು. ಅವುಗಳ ಹಿಂದೆ ನಾನು ಕೂಗಿದ್ದನ್ನು ಇಲ್ಲಿ ಬರೆಯಲಿಕ್ಕಾಗುವುದಿಲ್ಲ, ನೀವು ಚಿಕ್ಕವರು.

ಡಬ್ಬಿ ಕಿತ್ತೆ. ನಳಿಗೆ ತೆರೆದೆ, ಬೆರಳು ಹಾಕಿದೆ. ಖಾಲಿ. ಮೂರು ಸುಟ್ಟ ತೋಟೆಗಳನ್ನು ಹೆಕ್ಕಿ ಸೆರಗಿಗೆ ಹಾಕಿಕೊಂಡೆ. ಹಳ್ಳದ ಆಚೆಯಿಂದ ಚಿಕ್ಕಜ್ಜನ ಹೆಂಡತಿಯ ದನಿ ಕೇಳಿತು.

"ಅಕ್ಕಾ! ಯಾರು ಹೊಡ್ದಿದ್ದು?"

ಅಂದಿನವರೆಗೆ ನನ್ನ ದನಿ ಹಳ್ಳ ದಾಟಿದ್ದಿಲ್ಲ. ಬದುವಿನ ಮೇಲೆ ಹತ್ತಿ ನಿಂತು, ಎರಡೂ ಗುಡ್ಡಕ್ಕೆ ಕೇಳುವ ಹಾಗೆ ಹೇಳಿದೆ.

"ನಾನೇ ಕಣೇ!"